ಗುಲಾಬಿ ಪಟಗಾ, ಹಸಿರು ಕಂಬಳಿ

ಎಲ್ಲ ಕೆಟ್ಟದ್ದು ಹಾಲಿನವನ ಬಾಯಲ್ಲಿ ಬಂದ ಒಂದು ಮಾತಿನಿಂದ. ಗುಂಜಿಯ ಕಡೆಯಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಹಾಲು ತರುವ ಆ ಮನುಷ್ಯ ಶನಿವಾರ ಬೆಳಿಗ್ಗೆ ಚಾಳದ ಮುಂದೆ ಕ್ಯಾನು ಇಳಿಸಿ, ಬಂಡೆಪ್ಪನನ್ನು ಬಾಜೂಕ್ಕೆ ಕರೆದು ಹೇಳಿದ:

"ನಿಮ್ಮ ಮಾವ ಆಗಾಂವ, ಮೈಲಾರಲಿಂಗಪ್ಪ, ಹೇಳಿ ಕಳಸ್ಯಾನ. ನಾಳೆ ಐತವಾರ ಹೊತ್ತು ಮುಣಗೂದ್ರಾಗ ಗುಂಜಿ ಬಾಜೂದ ತಮ್ಮ ವಾಡಿಗೆ ಬಂದು ಭಂಡಾರ ಮುಟ್ಟಿ ಆಣಿ ಮಾಡಬೇಕಂತ. ಮಾಡಿದರ ಹುಡುಗಿ ಕೊಡತಾನಂತ. ಇಲ್ಲಂದ್ರ ಬ್ಯಾರೆ ಕಡೆ ನೋಡತಾನಂತ."

ಏನೆಂದು ಆಣೆ ಮಾಡಬೇಕು ಎಂದು ಬಂಡೆಪ್ಪ ಕೇಳಲಿಲ್ಲ. ಆ ವರ್ಷ ಗಂಡಸರು ಮಾಡಬೇಕಾಗಿದ್ದ ಆಣೆ ಒಂದೇ: 'ನನ್ನನ್ನು ಇನ್ನೂ ಕೊಯ್ದಿಲ್ಲ.'

ಎಪ್ಪತ್ತಾರನೆಯ ಇಸವಿ ಮುಗಿಯುತ್ತಾ ಬಂದಿತ್ತು. ಸರ್ಕಾರಕ್ಕೆ ಬಡವರ ಮೇಲೆ ವಿಪರೀತ ಪ್ರೀತಿ ಉಕ್ಕಿದ ವರ್ಷ ಅದು. ಹೊಲ ಬೇಡಿದವನಿಗೆ ನಾಳೆ ಬಾ, ರೇಶನ್ ಬೇಡಿದವನಿಗೆ ಮುಂದಿನ ತಿಂಗಳು ಬಾ ಎನ್ನುತ್ತಿದ್ದ ಅದೇ ಸರ್ಕಾರ, ಕುಟುಂಬ ಯೋಜನೆಯ ಆಪರೇಶನ್ನನ್ನು ಮಾತ್ರ ಯಾರೂ ಬೇಡದಿದ್ದರೂ ಮನೆ ಬಾಗಿಲಿಗೆ ಜೀಪಿನಲ್ಲಿ ಕಳಿಸುತ್ತಿತ್ತು. ಮಾಸ್ತರರಿಗೆ, ತಲಾಟಿಗಳಿಗೆ, ಕಾರ್ಖಾನೆ ಮಾಲೀಕರಿಗೆ ಇಷ್ಟಿಷ್ಟು ತಲೆ ತರಬೇಕೆಂದು ಹಂಚಿಕೆಯಾಗಿತ್ತು. ತಲೆ ಎಂಬುದು ಮರ್ಯಾದೆಯ ಮಾತು, ಕೊಯ್ಯುತ್ತಿದ್ದದ್ದು ತಲೆಯನ್ನಲ್ಲ.

ಬಂಡೆಪ್ಪ ಕೆಲಸ ಮಾಡುತ್ತಿದ್ದ ಫೌಂಡ್ರಿಯ ಮಾಲೀಕ ದೀಪಾವಳಿ ಮುಗಿಯುತ್ತಲೂ "ಎಲ್ಲಾರಿಗೂ ಊಟ ಐತಿ" ಎಂದು ಕೆಲಸಗಾರರನ್ನು ಲಾರಿ ಹತ್ತಿಸಿದ್ದ. ಊಟ ಖರೇನೇ ಇತ್ತು. ಊಟದ ನಂತರದ್ದೂ ಇತ್ತು. ಬಂಡೆಪ್ಪ ಆ ದಿನ ಅಚ್ಚಿನ ಉಸುಕಿನ ಗುಡ್ಡೆಯೊಳಗೆ ಮೂಗು ಮಾತ್ರ ಹೊರಗಿಟ್ಟುಕೊಂಡು ಮಲಗಿ ಪಾರಾಗಿದ್ದ. ಆದರೆ ಸುದ್ದಿ ಹಾಲಿನ ಕ್ಯಾನಿನ ಜೊತೆ ಗುಂಜಿ ಮುಟ್ಟುವಷ್ಟರಲ್ಲಿ 'ಫೌಂಡ್ರಿಗೆ ಫೌಂಡ್ರಿನೇ ಮುಗೀತು' ಎಂದಾಗಿತ್ತು.

ಐತವಾರ ನಸುಕಿನಲ್ಲಿ ಅವನನ್ನು ಎಬ್ಬಿಸಿದ್ದು ಪಕ್ಕದ ಖೋಲಿಯ ಈರಯ್ಯನ ಅಲಾರಾಂ ಗಡಿಯಾರ. ಈರಯ್ಯ ಆ ಲಾರಿ ಹತ್ತಿದವನು; ಗಡಿಯಾರ ಅಲ್ಲಿ ಕೊಟ್ಟ ಬಹುಮಾನ. ಅದು ಬಡಿದುಕೊಂಡಾಗಲೆಲ್ಲ ಚಾಳದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಗಡಿಯಾರ ನಿಲ್ಲಿಸಲು ಈರಯ್ಯನಿಗೆ ಬರುತ್ತಿರಲಿಲ್ಲ.

"ಎಲ್ಲಿಗೋ ಹೊಂಟೀಯಲ್ಲ?" ಎಂದ ಈರಯ್ಯ, ಗಡಿಯಾರವನ್ನು ದಿಂಬಿನ ಕೆಳಗೆ ಅದುಮುತ್ತ.

"ಮಾವನ ಮನಿಗೆ. ಆಣಿ ಮಾಡಾಕ."

"ಹುಷಾರ್. ಹಾದ್ಯಾಗ ಯಾರರ ಬರ್ರಿ, ಕುಂದರ್ರಿ, ಉಣ್ಣರಿ ಅಂದರ ಓಡು. ನನಗೂ ಹಂಗ ಅಂದಿದ್ದರು. ಬರ್ರಿ ಅಂದರು, ಹೋದೆ. ಕುಂದರ್ರಿ ಅಂದರು, ಕುಂತೆ. ಮಲಗ್ರಿ ಅಂದಾಗ ಸಂಶೇ ಬಂತು. ಆಗ ಎದ್ದು ಏನ ಮಾಡೂದೈತಿ?"

"ನನಗ ಹೇಳತೀಯೇನು? ಪುಕ್ಕಟೆ ಯಾರರ ಏನರ ಕೊಡತಾರೇನೋ ಮಾರಾಯಾ?"

ಇದು ಬಂಡೆಪ್ಪನ ಜೀವನದ ಏಕೈಕ ಸಿದ್ಧಾಂತ. ಅದನ್ನು ಅವನು ಓದಿ ಕಲಿತಿರಲಿಲ್ಲ, ಅಪ್ಪನಿಂದ ಪಡೆದಿದ್ದ. ಅವನಪ್ಪ ಕುರಿ ಕಾಯುವವನು. ಊರ ಇನಾಮದಾರ ಒಂದು ಸಲ ಅವನನ್ನು ವಾಡೆಯ ಪಡಸಾಲೆಯಲ್ಲೇ ಕೂರಿಸಿ ಹೋಳಿಗೆ ಬಡಿಸಿದ್ದ. ಜನ್ಮದಲ್ಲಿ ಮೊದಲ ಸಲ ಆ ಪಡಸಾಲೆ ಹತ್ತಿದವನು, ಕೈ ತೊಳೆಯುವ ಮೊದಲೇ ಹೆಬ್ಬೆಟ್ಟು ಒತ್ತಿ ಇಳಿದಿದ್ದ. ಮರುದಿನ ಕುರಿ ಮೇಯುತ್ತಿದ್ದ ಗುಡ್ಡಕ್ಕೆ ಮುಳ್ಳುತಂತಿ ಬಿದ್ದಿತ್ತು. ಆವತ್ತಿನಿಂದ ಆ ಮನೆಯಲ್ಲಿ ಹೋಳಿಗೆ ಎಂದರೆ ಬೈಗುಳ.

ಬಂಡೆಪ್ಪ ಅಪ್ಪ ನೇಯ್ದಿದ್ದ ಕರೀ ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಆಣೆಗೆ ಅದು ಬೇಕಿತ್ತು. ಕುರುಬರ ಆಣೆ ನೆಲದ ಮೇಲೆ ಆಗುವುದಿಲ್ಲ. ಗಂಡಿನ ಮನೆಯ ಕಂಬಳಿ ಹಾಸಿ, ಅದರ ಮೇಲೆ ಮೈಲಾರಲಿಂಗನ ಭಂಡಾರದ ಬಟ್ಟಲು ಇಟ್ಟು, ಆ ಅರಿಷಿಣಪುಡಿ ಮುಟ್ಟಿ ಹೇಳಿದರೆ ಮುಗಿಯಿತು. ಮುಂದೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಇವತ್ತು ಸಂಜೆ ಅಷ್ಟು ಆದರೆ ಬರುವ ತಿಂಗಳು ಚಂದ್ರವ್ವ ಅವನವಳು. ಚಂದ್ರವ್ವನನ್ನು ಅವನು ಕಂಡದ್ದು ಒಂದೇ ಸಲ. ಹಳ್ಳದಲ್ಲಿ ಕುರಿ ತೊಳೆಯುತ್ತಿದ್ದವಳು ಅವನ ಬೂಟು ನೋಡಿ ಬಿದ್ದು ಬಿದ್ದು ನಕ್ಕಿದ್ದಳು. ಬಂಡೆಪ್ಪನಿಗೆ ಅಷ್ಟು ಸಾಕಾಗಿತ್ತು.

ಖಾನಾಪುರದ ಬಸ್ಸಿನಲ್ಲಿ ಅವನ ಪಕ್ಕ ಬಂದು ಕುಳಿತವಳು ಸತ್ಯವ್ವ. ಮಿಶನ್ ಕಾಂಪೌಂಡಿನ ಒಂದು ಬೋರ್ಡಿಂಗಿನಲ್ಲಿ ಅಡುಗೆ ಮಾಡುವವಳು. ಹಿಟ್ಟು ನಾದಿ ನಾದಿ ತೋಳು ಪೈಲವಾನನಂತಾಗಿತ್ತು. ಕೂರುತ್ತಲೇ ಮಾತು ಶುರುಮಾಡಿದಳು.

"ಎಲ್ಲಿಗೆ ಹೊಂಟೀಯೋ ತಮ್ಮಾ?"

"ಹಿಂಗ ಖಾನಾಪುರದ ಕಡೆ," ಎಂದ ಬಂಡೆಪ್ಪ. ಊರ ಹೆಸರು ಹೇಳುವುದು ಕೂಡ ಅಪಾಯವೆಂದು ಅವನಿಗೆ ಕಂಡಿತ್ತು.

"ನಾನೂ ಅಲ್ಲಿಗೇ. ನಮ್ಮ ತಮ್ಮ ಸುವಾರ್ತಪ್ಪ, ಹಂಚಿನ ಕಾರ್ಖಾನ್ಯಾಗ ಮಿಸ್ತ್ರಿ. ಮಗಳ ಮದುವಿ ನಿನ್ನೆ ಚರ್ಚಿನಾಗ ಆತು, ಮುಗಿಸಿ ರಾತ್ರಿ ಬೋರ್ಡಿಂಗಿನ ಅಡಗಿಗೆ ಬಂದಿದ್ದೆ. ಇವತ್ತ ದೊಡ್ಡ ಊಟ. ಕುರಿ ಕೊಯ್ಸ್ಯಾನ, ಪಟಗಾ ತರಿಸ್ಯಾನ, ಚಪ್ಪರ ಹಾಕಸ್ಯಾನ. ಆದರ ಮಂದೀನ ಬರಾಕ ಒಲ್ಲರು."

"ಯಾಕ್ರಿ?"

"ಹೆದರಿಕಿ! ಗಂಡಸರು ಒಂದ ಕಡೆ ಸೇರಿದರ ಜೀಪ್ ಬರತೈತಿ ಅಂತ ಯಾರೋ ಹಬ್ಬಿಸ್ಯಾರ. ಬಾಯಿಬಿಟ್ಟು ಹಂಗ ಅನ್ನೂದಿಲ್ಲ ನೋಡು. ಒಬ್ಬ ಗದ್ದಿಗೆ ನೀರ ಹಾಯಿಸೂದೈತಿ ಅಂದಾ. ಒಬ್ಬ ಎತ್ತಿಗೆ ಲಾಳ ಬಡಸೂದೈತಿ ಅಂದಾ. ಇನ್ನೊಬ್ಬ ಹೆಂಡ್ತಿ ಬಿಡವಲ್ಲಳ್ರೀ ಅಂದಾ. ಅವನ ಹೆಂಡ್ತಿ ತವರಿಗೆ ಹೋಗಿ ತಿಂಗಳಾತು! ಥೇಟ್ ಯೇಸುಸ್ವಾಮಿ ಹೇಳಿದ ಕತಿನ ಆತು ನೋಡಪಾ."

"ಯಾವ ಕತಿ?" ಎಂದು ಕೇಳಿ ಬಂಡೆಪ್ಪ ಕೆಟ್ಟ.

ಸತ್ಯವ್ವ ಸೆರಗು ಸಿಗಿಸಿ ಸರಿಯಾಗಿ ಕುಳಿತಳು. ಬೋರ್ಡಿಂಗಿನಲ್ಲಿ ನೂರು ಮಕ್ಕಳಿಗೆ ಕೇಳುವಂತೆ ಮಾತಾಡಿ ರೂಢಿ; ಇಡೀ ಬಸ್ಸಿಗೇ ಕೇಳಿಸಿತು.

"ಒಬ್ಬ ರಾಜಾ ಮಗನ ಮದುವಿಗೆ ಊಟ ಇಟ್ಟಿದ್ದಾ. ಕರದವರು ಬರಲಿಲ್ಲ. ಒಬ್ಬ ಹೊಲ ಅಂದಾ, ಒಬ್ಬ ಐದ ಜೋಡಿ ಎತ್ತ ತಗೊಂಡೇನಿ ಅಂದಾ..."

"ಐದ ಜೋಡಿ ಎತ್ತಿನಾಂವನ್ನ ಯಾಕ ಕರದಿದ್ದಾ?" ಎಂದ ಬಂಡೆಪ್ಪ. "ಅವನ ಮನ್ಯಾಗ ಉಣ್ಣಾಕ ಇರಲಿಲ್ಲೇನು?"

"ಅದು ರಾಜಾಗೂ ಗೊತ್ತಾತು, ಸುಮ್ಮ ಕೇಳು. ಅವ ಆಳುಗಳಿಗೆ ಹೇಳಿದಾ: ಹಾದಿ ಬೀದ್ಯಾಗ ಹೋಗ್ರಿ. ಕುಂಟರು, ಕುರುಡರು, ಗತಿ ಇಲ್ಲದವರು, ಯಾರ ಸಿಗತಾರ ಎಲ್ಲಾರನೂ ಕರ್ಕೊಂಡ ಬರ್ರಿ. ಬರಲಿಲ್ಲಂದ್ರ ಬಲವಂತ ಮಾಡಿ ಒಳಗ ಹಾಕ್ರಿ!"

ಮುಂದಿನ ಸೀಟಿನ ಮುದುಕ ಮೆಲ್ಲಗೆ ತಿರುಗಿ ಸತ್ಯವ್ವನನ್ನು ನೋಡಿದ. ಬಾಗಿಲ ಬಳಿ ನಿಂತವನು ಕೋಳಿ ಬುಟ್ಟಿಯನ್ನು ತೊಡೆಗಳ ಮುಂದೆ ಹಿಡಿದುಕೊಂಡ.

"ಹಿಡದು ಒಳಗ ಹಾಕಿದ ಮ್ಯಾಲೆ?" ಎಂದ ಬಂಡೆಪ್ಪ.

"ರಾಜಾ ನೋಡಾಕ ಬಂದಾ. ಒಬ್ಬಾಂವ ಮದುವಿ ಅರಿವಿ ಹಾಕ್ಕೊಳ್ಳದ ಕುಂತಿದ್ದಾ. 'ಯಾಕಪಾ ಗೆಣೆಯಾ, ಈ ಅರಿವಿಲೆ ಹೆಂಗ ಒಳಗ ಬಂದಿ?' ಅಂತ ಕೇಳಿದಾ. ಅವನ ಬಾಯಾಗಿಂದ ಮಾತ ಹೊಂಡಲಿಲ್ಲ. ಆಳುಗಳು ಅವನ ಕೈಕಾಲು ಕಟ್ಟಿ..."

"ಕೈಕಾಲು ಕಟ್ಟಿ!" ಎಂದ ಮುಂದಿನ ಸೀಟಿನ ಮುದುಕ.

ಕೋಳಿ ಬುಟ್ಟಿಯವನು ಗಂಟೆಯ ಹಗ್ಗ ಜಗ್ಗಿ, ತನ್ನ ಊರು ಅಲ್ಲದ ಊರಿನಲ್ಲಿ ಇಳಿದುಬಿಟ್ಟ.

"...ಹೊರಗ ಕತ್ತಲ್ಯಾಗ ಒಗದರು," ಎಂದು ಸತ್ಯವ್ವ ಮುಗಿಸಿದಳು.

"ಇದು ನ್ಯಾಯ ಏನ್ರಿ ಅಕ್ಕಾರ?" ಬಂಡೆಪ್ಪನಿಗೆ ಹೆದರಿಕೆಯ ನಡುವೆಯೂ ಸಿಟ್ಟು ಬಂತು. "ಬೀದ್ಯಾಗ ಹಿಡದು ತಂದಾಂವನ ಹಂತ್ಯಾಕ ಮದುವಿ ಅರಿವಿ ಎಲ್ಲಿಂದ ಬರಬೇಕು? ಮೊದಲ ಎಳಕೊಂಡ ಬರೂದು, ಆಮ್ಯಾಲೆ ನಿನ್ನ ಅಂಗಿ ಹರದೈತಿ ಅಂತ ಒದಿಯೂದು. ನಮ್ಮ ಇನಾಮದಾರ ಇದಕ್ಕಿಂತ ಬೇಶಿ ಇದ್ದಾ!"

"ಅಲ್ಲೇ ಐತಿ ಗುಟ್ಟು. ಅರಿವಿ ಅವನ ತರಬೇಕಾಗಿರಲಿಲ್ಲ. ಬಾಗಲದಾಗ ರಾಜಾನ ಕೊಡಸ್ತಿದ್ದಾ, ಎಲ್ಲಾರಿಗೂ, ಪುಕ್ಕಟೆ. ಈ ಒಬ್ಬ ಶಾಣ್ಯಾ ಬ್ಯಾಡಂದಾ. ದೇವರ ಕೃಪಾ ಅಂದರ ಹಂಗ ನೋಡು ತಮ್ಮಾ. ಕರದಾಗ ಹೋಗಬೇಕು, ಕೊಟ್ಟದ್ದನ್ನ ಹೊತ್ಕೋಬೇಕು. ನಾ ಯೋಗ್ಯ ಇದ್ದೇನೋ ಇಲ್ಲೋ, ಅವ ಯಾಕ ಕೊಡಾಕತ್ಯಾನ, ಅಂತ ಲೆಕ್ಕ ಹಾಕ್ಕೋಂತ ನಿಂತರ ಬಾಗಲಾ ಮುಚ್ಚತೈತಿ."

"ಪುಕ್ಕಟೆ ಯಾರರ ಏನರ ಕೊಡತಾರೇನ್ರಿ?" ಎಂದ ಬಂಡೆಪ್ಪ. ಬಸ್ಸಿನ ಗಂಡಸರೆಲ್ಲ ಹೌದೆಂದು ತಲೆಯಾಡಿಸಿದರು.

ಖಾನಾಪುರದ ಸ್ಟ್ಯಾಂಡಿನಲ್ಲಿ ಹಂಚಿನ ಕಾರ್ಖಾನೆಯ ಟ್ರಕ್ಕು ನಿಂತಿತ್ತು. ಮುಂದೆ ಬಾಳೆಕಂದು ಕಟ್ಟಿದ್ದರು. ತಲೆಗೆ ಗುಲಾಬಿ ಪಟಗಾ ಸುತ್ತಿಕೊಂಡ ಇಬ್ಬರು ದಾಂಡಿಗರು "ಬರ್ರಿ, ಬರ್ರಿ, ಊಟಕ್ಕ ಬರ್ರಿ! ಯಾರ ಬಂದರೂ ಸೈ!" ಎಂದು ಕೂಗುತ್ತ, ಸಿಕ್ಕವರ ರಟ್ಟೆ ಹಿಡಿದು ಹತ್ತಿಸುತ್ತಿದ್ದರು. ಕರೆದವರು ಬಾರದ ಮೇಲೆ ಸುವಾರ್ತಪ್ಪ ಬೀದಿಗೆ ಟ್ರಕ್ಕು ಕಳಿಸಿದ್ದ. ಒಳಗೆ ಒಬ್ಬ ಕುಂಟ, ಇಬ್ಬರು ಹಮಾಲರು, ಒಬ್ಬ ಬಳೆಗಾರ. ಎಲ್ಲರ ಮುಖವೂ ಕಟುಕರ ಮನೆಗೆ ಹೊರಟ ಹೋತಗಳಂತೆ ಇಳಿಬಿದ್ದಿತ್ತು.

ಬಂಡೆಪ್ಪ ಹಿಂದೆ ಸರಿದ. ಸತ್ಯವ್ವ ಅವನ ಮಣಿಕಟ್ಟು ಹಿಡಿದಳು.

"ಎಲ್ಲಿಗೆ? ನೀ ನನ್ನ ಮಂದಿ. ಹತ್ತು!"

"ಅಕ್ಕಾರ, ನನಗ ಅರ್ಜಂಟ್ ಐತ್ರಿ, ಹೊತ್ತು ಮುಣಗೂದ್ರಾಗ..."

"ಹೊತ್ತಿನ್ನೂ ನೆತ್ತಿ ಮ್ಯಾಲೆ ಐತಿ. ಎರಡು ತುತ್ತು ಉಂಡು ಹೋಗು." ನೂರು ಮಕ್ಕಳ ಹಿಟ್ಟು ನಾದಿದ ಕೈ ಅದು. ಬಂಡೆಪ್ಪ ತಾನು ಹತ್ತಿದೆನೋ, ತನ್ನನ್ನು ಎತ್ತಿ ಇಟ್ಟರೋ ತಿಳಿಯುವ ಮೊದಲೇ ಟ್ರಕ್ಕು ಹೊರಟಿತು.

ಸುವಾರ್ತಪ್ಪನ ಮನೆ ಮುಂದೆ ಚಪ್ಪರ. ಆ ಹೊತ್ತಿಗೆ ಚಪ್ಪರದೊಳಗೆ ಊಟಕ್ಕೆ ಬಂದ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಲಾಗಿ ಪತ್ರಾವಳಿ ಹಾಸಿದ್ದರು, ಉಣ್ಣುವವರು ಮಾತ್ರ ಇಲ್ಲ. ಬಂಡೆಪ್ಪ ಒಂದೊಂದನ್ನೇ ನೋಡಿದ. ಒಂದು ಮೂಲೆಯಲ್ಲಿ ಬಿಳಿ ಚಾದರ ಕಟ್ಟಿ ಮರೆ ಮಾಡಿದ್ದರು. ಮರೆಯ ಮುಂದೆ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ. ಬಿಳಿ ಏಪ್ರನ್ ಕಟ್ಟಿದ ಒಬ್ಬ ಆಳು ಚಾಕು ಮಸೆಯುತ್ತಿದ್ದ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮರೆಯ ಹಿಂದಿನಿಂದ ಯಾರೋ 'ಊಂ... ಊಂ...' ಎಂದು ನರಳುತ್ತಿದ್ದರು. ಅದು ಹಳೆಯ ಹಾರ್ಮೋನಿಯಮ್ಮಿನ ತಿದಿಯ ಸದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ಬಂಡೆಪ್ಪ ನಂಬುತ್ತಿರಲಿಲ್ಲ.

ಬಾಗಿಲಲ್ಲಿ ಸುವಾರ್ತಪ್ಪನೇ ನಿಂತಿದ್ದ. ಕೈಯಲ್ಲಿ ಗುಲಾಬಿ ಪಟಗಾದ ರಾಶಿ. ಒಳಗೆ ಹೋಗುವ ಪ್ರತಿ ಗಂಡಸಿನ ತಲೆಗೆ ತಾನೇ ಸುತ್ತುತ್ತಿದ್ದ. ಕುಂಟನಿಗೆ ಸುತ್ತಿದ, ಹಮಾಲರಿಗೆ ಸುತ್ತಿದ, ಬಳೆಗಾರನಿಗೆ ಸುತ್ತಿದ. ಬಂಡೆಪ್ಪನ ಸರದಿ ಬಂತು.

"ಬರ್ರಿ ಬರ್ರಿ, ಭಾಳ ಸಂತೋಷ ಆತು. ಲಗ್ನ ಆಗೇತೇನ್ರಿ?"

ಬಂಡೆಪ್ಪ ಕಂಬಳಿಯನ್ನು ಹೊಟ್ಟೆಯ ಕೆಳಗೆ ಇಳಿಸಿ ಹಿಡಿದ. "ಯಾ...ಯಾಕ್ರಿ?"

"ಸುಮ್ಮ ಕೇಳಿದೆ. ಮಕ್ಕಳ ಎಷ್ಟು?"

"ಇಲ್ಲರಿ! ಒಂದೂ ಇಲ್ಲ! ಲಗ್ನಾನ ಆಗಿಲ್ಲ!"

"ಆಗಲಿ, ಆಗಲಿ, ಎಲ್ಲಾ ಆಗತೈತಿ. ತಲಿ ಬಗ್ಗಸ್ರಿ, ಪಟಗಾ ಸುತ್ತತೇನಿ. ಇದಿಲ್ಲದ ಒಳಗ ಕುಂದರಂಗಿಲ್ಲ, ನಮ್ಮ ಮನಿ ರೂಢಿ."

"ಎಷ್ಟ ರೊಕ್ಕ ಇದಕ್ಕ?"

"ಅಯ್ಯ, ರೊಕ್ಕ ಎಂತಾದ್ದು! ಮನಿಗೆ ಒಯ್ಯೂದ ಐತಿ. ಪುಕ್ಕಟೆ!"

ಆ ಶಬ್ದ ಬಂಡೆಪ್ಪನ ಕಿವಿಯಲ್ಲಿ ಈರಯ್ಯನ ಅಲಾರಾಂ ಆಗಿ ಬಡಿದುಕೊಂಡಿತು. ಗಡಿಯಾರ ಕೊಡುವ ಮೊದಲೂ ಹೀಗೇ ಅಂದಿರಬೇಕು.

"ಮೊದಲ ಸ್ವಲ್ಪ ಹಿತ್ತಲಕ್ಕ ಹೋಗಿ ಬರತೇನ್ರಿ," ಎಂದ. ಕಂಬಳಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ನೀರಿನ ತಂಬಿಗೆ ಹಿಡಿದು ಮೆಲ್ಲಗೆ ನಡೆದ. ಮನೆಯ ಮೂಲೆ ತಿರುಗಿದವನೇ ತಂಬಿಗೆ ಎಸೆದು ಗೋಡೆ ಹಾರಿದ.

ಗೋಡೆಯಾಚೆ ಹಂಚಿನ ಕಾರ್ಖಾನೆ. ಅವನು ಬಿದ್ದದ್ದು ಮಣ್ಣು ನೆನೆಹಾಕಿದ ಹೊಂಡಕ್ಕೆ. ಕುತ್ತಿಗೆ ಮಟ್ಟ ಮುಳುಗಿ ಎದ್ದಾಗ, ಇನ್ನು ಭಟ್ಟಿಗೆ ಹಾಕಿ ಸುಡುವುದೊಂದೇ ಬಾಕಿ ಎನ್ನುವಂತೆ ಇದ್ದ. ಹಿಂದೆ ಸತ್ಯವ್ವನ ದನಿ ಕೇಳಿಸಿತು: "ತಮ್ಮಾ! ಏ ತಮ್ಮಾ! ನಿನ್ನ ಕಂಬಳಿ!" ಬಂಡೆಪ್ಪ ತಿರುಗಿ ನೋಡದೆ ಓಡಿದ. ಮಲಪ್ರಭೆಯ ದಂಡೆಗೆ ಹೋಗಿ ಬಟ್ಟೆ ಸಮೇತ ಮುಳುಗಿ ಮಣ್ಣು ತೊಳೆದುಕೊಂಡ. ಖಾನಾಪುರದ ಡಿಸೆಂಬರ್ ನೀರು. ಹಲ್ಲುಗಳು ಒಂದಕ್ಕೊಂದು ಜಗಳವಾಡತೊಡಗಿದವು. ಕಂಬಳಿ ಹೋಯಿತು. ಹೋಗಲಿ, ಮೈ ಇಡಿಯಾಗಿತ್ತು. ಮಾವನ ಮನೆಯ ಯಾವುದಾದರೂ ಹರಕು ಕಂಬಳಿಯ ಮೇಲೆ ಆಣೆ ಮಾಡಿದರಾಯಿತು.

ಗುಂಜಿ ರಸ್ತೆಯಲ್ಲಿ ನಡುಗುತ್ತ ಹೊರಟವನ ಪಕ್ಕದಲ್ಲಿ ಒಂದು ಜೀಪು ಬಂದು ನಿಂತಿತು. ಬಂಡೆಪ್ಪ ಗಟಾರಕ್ಕೆ ಹಾರಲು ತಯಾರಾಗಿದ್ದ. ಡ್ರೈವರ್ ತಲೆ ಹೊರಹಾಕಿ, ಬೀಡಿ ತೆಗೆಯದೆ, ಮುಖ ಗಂಟುಹಾಕಿ ಕೇಳಿದ:

"ಗುಂಜಿ ಕಡೆ ಏನು? ಎಂಟಾಣೆ. ಇದ್ದರ ಹತ್ತು, ಇಲ್ಲಂದ್ರ ನಡಕೋಂತ ಹೋಗು."

ಬಂಡೆಪ್ಪನಿಗೆ ಎದೆ ಹಗುರಾಯಿತು. ಮುಗುಳ್ನಗೆ ಇಲ್ಲ, ಬರ್ರಿ ಕುಂದರ್ರಿ ಇಲ್ಲ. ರೊಕ್ಕ ಕೇಳುವವನಿಗಿಂತ ಪ್ರಾಮಾಣಿಕ ಈ ಲೋಕದಲ್ಲಿ ಯಾರಿದ್ದಾರೆ? ಆದರೂ ಪರೀಕ್ಷೆ ಮಾಡಿದ.

"ನಾಕಾಣೆಗೆ ಬಿಡ್ರಿ."

"ಇಳಿಸೂದು ಪುಕ್ಕಟೆ, ಹತ್ತಿಸೂದು ಎಂಟಾಣೆ. ಹತ್ತತೀಯೋ ಇಲ್ಲೋ?"

ಬೈದದ್ದು ಕೇಳಿ ಬಂಡೆಪ್ಪನಿಗೆ ಪೂರ್ತಿ ನಂಬಿಕೆ ಬಂತು. ಒದ್ದೆ ಕಿಸೆಯಿಂದ ಎಂಟಾಣೆ ತೆಗೆದು, ಎರಡೂ ಕೈಯಿಂದ ಕೊಟ್ಟು, ಹಿಂದೆ ಹತ್ತಿ ಕುಳಿತ.

ಜೀಪು ಎರಡು ಊರು ದಾಟಿ, ಒಂದು ಶಾಲೆಯ ಅಂಗಳಕ್ಕೆ ತಿರುಗಿತು. ಗೇಟು ಮುಚ್ಚಿದ ಸದ್ದಾಯಿತು. ವರಾಂಡದಲ್ಲಿ ಸಾಲಾಗಿ ಗಂಡಸರು ಮಲಗಿದ್ದರು, ಹಸಿರು ಮಿಲ್ ಕಂಬಳಿ ಹೊದ್ದು, ಒಬ್ಬರ ಮುಖ ಒಬ್ಬರು ನೋಡದೆ. ಗೋಡೆಯ ಮೇಲೆ ನಗುವ ಅಪ್ಪ, ಅವ್ವ, ಇಬ್ಬರು ಮಕ್ಕಳ ಚಿತ್ರ. ಒಳಗಿನಿಂದ ಬಂದ ಸದ್ದು ಹಾರ್ಮೋನಿಯಮ್ಮಿನದಲ್ಲ.

"ಇಂವನ್ನೂ ಬರಕೋರಿ," ಎಂದ ಡ್ರೈವರ್, ಕಂಪೌಂಡರನಿಗೆ.

ಬಂಡೆಪ್ಪ ಎಂಟಾಣೆ ಕೊಟ್ಟು ಕೊಂಡುಕೊಂಡಿದ್ದ ಸೀಟನ್ನೇ ಗಟ್ಟಿಯಾಗಿ ತಬ್ಬಿಕೊಂಡ. ಇಬ್ಬರು ಹಿಡಿದು ಇಳಿಸಿದರು. ಒಳಗೆ, ದಪ್ಪ ಕನ್ನಡಕದ ಹರೆಯದ ಡಾಕ್ಟರು ಕೈ ತೊಳೆಯುತ್ತಿದ್ದ. ಬೆಳಗಿನಿಂದ ಕೊಯ್ದು ಕೊಯ್ದು ಅವನ ಮುಖವೂ ರೋಗಿಯ ಮುಖವಾಗಿತ್ತು.

"ಡಾಕ್ಟರ್ ಸಾಹೇಬ್ರ," ಬಂಡೆಪ್ಪ ಕಾಲು ಹಿಡಿದ, "ಬರೂ ತಿಂಗಳಾ ನನ್ನ ಲಗ್ನ ಐತ್ರಿ! ನಾ ಇನ್ನೂ ಏನೂ ಮಾಡೇ ಇಲ್ಲರಿ!"

ಡಾಕ್ಟರು ಅವನ ಹಣೆ ಮುಟ್ಟಿ ನೋಡಿದ. ಒದ್ದೆ ಬಟ್ಟೆ, ಗಡಗಡ ನಡುಕ, ಕಾದ ಮೈ. "ಇಂವಗ ಜ್ವರ ಬಂದಾವು. ಲಗ್ನಾನೂ ಆಗಿಲ್ಲ. ನಾ ಮುಟ್ಟೂದಿಲ್ಲ. ನನಗೂ ದೇವರ ಅದಾನ ಮಾರಾಯರಾ, ಸಾಕು," ಎಂದು ಕೈ ಒರೆಸಿಕೊಂಡು ಹೊರಗೆ ಹೋಗಿಬಿಟ್ಟ.

ಬಂಡೆಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಕಂಪೌಂಡರನಿಗೂ ಬರಲಿಲ್ಲ. ಅವನು ತಲೆ ಮೇಲೆ ಕೈಹೊತ್ತು ಮೂಲೆಯತ್ತ ನೋಡಿದ. ಅಲ್ಲಿ ಒಂದೇ ಒಂದು ಹಸಿರು ಕಂಬಳಿ ಉಳಿದಿತ್ತು.

"ಸಂಜೀಕ ದೊಡ್ಡ ಸಾಹೇಬ ಬರತಾನ," ಎಂದು ಗೊಣಗಿದ. "ಕೊಯ್ಸಿಕೊಂಡಾಂವಗ ತಲಿಗೊಂದು ಕಂಬಳಿ ಲೆಕ್ಕ. ಕೋಟಾ ಮುಗೀತು ಅಂತ ಮಧ್ಯಾಹ್ನನ ಹೇಳಿಬಿಟ್ಟೇನಿ. ಕಂಬಳಿ ಉಳಿದದ್ದು ಕಂಡರ ಮನಶ್ಯಾ ಎಲ್ಲಿ ಅಂತ ಕೇಳತಾನ. ಮನಶ್ಯಾ ಇಲ್ಲದಿದ್ದರ ನಡೀತೈತಿ, ಕಂಬಳಿ ಇರಬಾರದು." ಆಮೇಲೆ ಬಂಡೆಪ್ಪನ ಕಡೆ ತಿರುಗಿ ಜೇನಿನಂಥ ದನಿಯಲ್ಲಿ ಹೇಳಿದ: "ಯಪ್ಪಾ, ಭಾಳ ನಡಗಾಕತ್ತೀಯಲ್ಲೋ. ತಗೋ, ಹೊತ್ಕೊಂಡು ಹೋಗು. ಮನಿಗೇ ಒಯ್ಯಿ. ಪುಕ್ಕಟೆ."

ಬಂಡೆಪ್ಪ ರೂಢಿಯಂತೆ ಬೇಡ ಎನ್ನಲು ಬಾಯಿ ತೆರೆದ. ಆಗ ಸತ್ಯವ್ವನ ಮಾತು ನೆನಪಾಯಿತು. ಕೊಟ್ಟದ್ದನ್ನ ಹೊತ್ಕೋಬೇಕು. ಲೆಕ್ಕ ಹಾಕ್ಕೋಂತ ನಿಂತರ ಬಾಗಲಾ ಮುಚ್ಚತೈತಿ. ಈ ಸಾವಿನ ಬಾಯಿಂದ ಅವನನ್ನು ಬಿಟ್ಟವರು ಯಾರು? ಅವನೇನು ದುಡಿದು ಗಳಿಸಿದ್ದನೇ ಈ ಬಿಡುಗಡೆಯನ್ನು? ಇದೇ ಅಲ್ಲವೇ ಆ ಹೆಂಗಸು ಹೇಳಿದ ಕೃಪೆ? ಅಪ್ಪನ ಕಾಲದಿಂದ ಮನೆತನದಲ್ಲಿ ಗಂಟುಬಿದ್ದಿದ್ದ ಸಂಶಯವೊಂದು ಎದೆಯಲ್ಲಿ ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು.

"ದೇವರ ನಿಮಗ ಒಳ್ಳೇದು ಮಾಡಲಿ," ಎಂದು ಕಂಬಳಿಯನ್ನು ಎರಡೂ ಭುಜದ ಮೇಲೆ ಹೊದ್ದು, ಗೇಟಿನಿಂದ ಹೊರಬಿದ್ದ.

ಸೂರ್ಯ ಸಾಗವಾನಿ ಮರಗಳ ತುದಿಗೆ ಇಳಿದಿದ್ದ. ಬಂಡೆಪ್ಪ ಓಡುತ್ತೋಡುತ್ತಲೇ ವಾಡಿ ಮುಟ್ಟಿದ. ದಾರಿಯಲ್ಲಿ ಬಾವಿಕಟ್ಟೆಯ ಹೆಂಗಸರು ಅವನನ್ನು ಕಂಡು ಸೆರಗು ಬಾಯಿಗೆ ಹಿಡಿದರು. ನಾಚಿಕೆ ಎಂದುಕೊಂಡ, ಅಳಿಯನಾಗುವವನು ಬಂದಾಗ ಹೀಗೇ ಅಲ್ಲವೇ.

ಮೈಲಾರಲಿಂಗಪ್ಪನ ಪಡಸಾಲೆಯಲ್ಲಿ ನಾಲ್ಕು ಹಿರಿಯರು ಕುಳಿತಿದ್ದರು. ನಡುವೆ ಭಂಡಾರದ ಬಟ್ಟಲು. ಬಾಗಿಲ ಮರೆಯಲ್ಲಿ ಅತ್ತೆಯಾಗುವ ಭೀಮಕ್ಕ, ಅವಳ ಹಿಂದೆ ಚಂದ್ರವ್ವನ ಕಣ್ಣು. ಎಲ್ಲಕ್ಕಿಂತ ಮೊದಲು ಬಂಡೆಪ್ಪನಿಗೆ ಕಂಡದ್ದು ಮಾವನ ತಲೆ. ಅದರ ಮೇಲೆ ಗುಲಾಬಿ ಪಟಗಾ ಇತ್ತು.

ಎರಡನೆಯದಾಗಿ ಕಂಡದ್ದು ಭಂಡಾರದ ಬಟ್ಟಲಿನ ಕೆಳಗೆ ಹಾಸಿದ್ದ ಕಂಬಳಿ. ಅಪ್ಪ ನೇಯ್ದ ಕರೀ ಕಂಬಳಿ.

"ಖಾನಾಪುರಕ್ಕ ಪ್ಯಾಟಿಗೆ ಹೋಗಿದ್ದೆ," ಎಂದ ಮೈಲಾರಲಿಂಗಪ್ಪ ಮೆಲ್ಲಗೆ. "ಟ್ರಕ್ಕಿನ್ಯಾಗ ಹಿಡದು ಒಯ್ದರು. ನಾನೂ ಹೆದರಿದ್ದೆ. ಮದುವಿ ಮನಿ ಖರೇನ ಇತ್ತು. ಎಂಥಾ ಊಟ! ಜಲ್ಮದಾಗ ಉಂಡಿರಲಿಲ್ಲ. ನನ್ನ ಬಾಜೂದ ಎಲಿ ಖಾಲಿ ಇತ್ತು. ಬೆಳಗಾವಿ ಹುಡುಗ ಒಬ್ಬ ಪಟಗಾ ಬ್ಯಾಡಂತ ಗ್ವಾಡಿ ಹಾರಿ ಓಡಿದ ಅಂದರು. ಅವ ಬಿಟ್ಟು ಹೋದ ಕಂಬಳಿ ಆ ಸತ್ಯವ್ವ ತೋರಿಸಿದಳು. ಅಂಚು ನೋಡಿ ಗುರ್ತ ಹಿಡದೆ. ನಿಮ್ಮಪ್ಪನ ಕೈ."

"ಮಾವ, ಅದು ಏನ ಆತಂದ್ರ..."

"ಕುರುಬರ ಹುಡುಗ ಕುರಿ ಊಟ ಬಿಟ್ಟು ಯಾಕ ಓಡಿದ ಅಂತ ರೈಲಿನ್ಯಾಗ ಬರೂ ಹಾದಿ ತುಂಬ ವಿಚಾರ ಮಾಡಿದೆ. ಈಗ ತಿಳೀತು." ಅವನ ಕಣ್ಣು ಹಸಿರು ಕಂಬಳಿಯ ಮೇಲೆ ನಿಂತಿತ್ತು. "ನಮ್ಮ ವಾಡ್ಯಾಗ ಹತ್ತು ಮಂದಿಗೆ ಈ ಕಂಬಳಿ ಐತಿ. ದನದ ಮ್ಯಾಲೂ ಹಾಕೂದಿಲ್ಲ ನಾವು. ಇದು ನಿನಗ ಎಲ್ಲಿ ಸಿಕ್ಕಿತು?"

ಬಂಡೆಪ್ಪನಿಗೆ ಸುಳ್ಳು ಹೇಳಬೇಕು ಎನಿಸಿತು. ಎದುರಿಗೆ ಭಂಡಾರವಿತ್ತು. "ಕ್ಯಾಂಪಿನ್ಯಾಗ," ಎಂದ. "ಆದರ ನನಗ ಏನೂ ಮಾಡಿಲ್ಲ ಮಾವ! ಡಾಕ್ಟರ ಬಿಟ್ಟಾ! ಕಂಬಳಿ ಸುಮ್ಮ ಕೊಟ್ಟರು, ಚಳಿ ಅಂತ! ಆಣಿ ಮಾಡತೇನಿ!" ಎಂದು ಬಟ್ಟಲಿಗೆ ಕೈ ಚಾಚಿದ.

ಮೈಲಾರಲಿಂಗಪ್ಪ ತಟ್ಟನೆ ಬಟ್ಟಲನ್ನು ಎಳೆದುಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಬಂಡೆಪ್ಪನಿಗೆ ಅದೇ ಹೆಚ್ಚು ಚುಚ್ಚಿತು.

"ಬ್ಯಾಡಪಾ. ಮುಟ್ಟಬ್ಯಾಡ. ಸುಳ್ಳು ಆಣಿ ಮಾಡಿದರ ಮೈಲಾರಲಿಂಗ ಬಿಡಂಗಿಲ್ಲ, ನಿನ್ನ ಒಳ್ಳೇದಕ್ಕ ಹೇಳತೇನಿ. ನೀನ ಹೇಳು, ಪುಕ್ಕಟೆ ಯಾರರ ಏನರ ಕೊಡತಾರೇನು?"

ಬಂಡೆಪ್ಪನ ಬಾಯಿಂದ ಮಾತು ಹೊರಡಲಿಲ್ಲ.

ಭೀಮಕ್ಕ ಕರೀ ಕಂಬಳಿಯನ್ನು ಝಾಡಿಸಿ, ಮಡಚಿ, ಅವನ ಕೈಗೆ ಕೊಟ್ಟಳು. ಬಾಗಿಲ ಮರೆಯಲ್ಲಿದ್ದ ಕಣ್ಣು ಅವನ ಬೂಟನ್ನು ಒಂದು ಸಲ ನೋಡಿತು. ಈ ಸಲ ನಗಲಿಲ್ಲ.

ಅವನು ರಸ್ತೆಗೆ ಬರುವಾಗ ಹೊತ್ತು ಮುಳುಗಿತ್ತು. ದೂರದಿಂದ ಹಾಡು ಕೇಳಿಸಿತು. ಹಂಚಿನ ಟ್ರಕ್ಕು ಉಂಡವರನ್ನು ಅವರವರ ಊರಿಗೆ ಬಿಡುತ್ತ ಬರುತ್ತಿತ್ತು. ಒಳಗೆ ಸಾಲುಸಾಲು ಗುಲಾಬಿ ಪಟಗಾ. ಮುಂದೆ ಕುಳಿತಿದ್ದ ಸತ್ಯವ್ವ ಅವನನ್ನು ಗುರುತಿಸಿ ಗಾಡಿ ನಿಲ್ಲಿಸಿದಳು.

"ಅಯ್ಯ ತಮ್ಮಾ, ನೀನ! ಹತ್ತು. ಈ ಕಡೆ ಮಂದೀನ ಬಿಟ್ಟು ಬೆಳಗಾವಿಗೆ ಹೊಂಟೇನಿ. ನಿನ್ನ ಪಾಲಿಂದು ಡಬ್ಬ್ಯಾಗ ತಂದೇನಿ, ಬಿಸಿ ಐತಿ."

ಬಂಡೆಪ್ಪ ರೊಕ್ಕ ಎಷ್ಟು ಎಂದು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಯಾವ ಸಂಶಯವೂ ಇಲ್ಲದೆ ಟ್ರಕ್ಕಿನ ಹಿಂದೆ ಬಂದು ಒಂದು ಕಾಲು ಮೇಲಿಟ್ಟ. ಒಳಗಿದ್ದ ಬಳೆಗಾರ ಕಂದೀಲು ಎತ್ತಿ ನೋಡಿದ. ಬೆಳಕು ಹಸಿರು ಕಂಬಳಿಯ ಮೇಲೆ ಬಿತ್ತು.

"ಕ್ಯಾಂಪಿನಾಂವ!" ಎಂದು ಬಳೆಗಾರ ಕಿರುಚಿದ. "ಮಂದಿ ಹಿಡಿಯಾಕ ಬಂದಾನ! ಗಾಡಿ ಬಿಡ್ರೋ! ಬಿಡ್ರೋ!"

ಹಮಾಲರು ಕ್ಯಾಬಿನ್ನಿನ ತಗಡು ಬಡಿದರು. ಕುಂಟ ತನ್ನ ಬಡಿಗೆಯಿಂದ ಬಂಡೆಪ್ಪನ ಎದೆಗೆ ನೂಕಿದ. ಟ್ರಕ್ಕು ಒಮ್ಮೆಲೇ ನೆಗೆದು ಹೊರಟಿತು. "ನಿಲ್ಲಸ್ರೋ! ಏ, ನಮ್ಮ ಹುಡುಗ ಅಂವಾ!" ಎಂದು ಸತ್ಯವ್ವ ಕೂಗುವುದು ತಿರುವಿನವರೆಗೂ ಕೇಳಿಸಿತು, ಆಮೇಲೆ ಹಾಡಿನಲ್ಲಿ ಮುಳುಗಿತು.

ಬಂಡೆಪ್ಪ ಧೂಳು ಕೊಡವಿಕೊಂಡು ಎದ್ದ. ಸುತ್ತ ಕತ್ತಲೆ. ಚಳಿ ಎಲುಬಿಗೆ ಇಳಿಯುತ್ತಿತ್ತು. ಹಸಿರು ಕಂಬಳಿಯನ್ನು ಕಿತ್ತು ಗಟಾರಕ್ಕೆ ಎಸೆಯಲು ಕೈ ಎತ್ತಿದ. ಆಮೇಲೆ ಅದನ್ನು ಒಳಗೆ ಸುತ್ತಿಕೊಂಡು, ಅದು ಕಾಣದಂತೆ ಅಪ್ಪ ನೇಯ್ದದ್ದನ್ನು ಮೇಲೆ ಹೊದ್ದು, ಬೆಳಗಾವಿಯ ಕಡೆ ನಡೆಯತೊಡಗಿದ.